ನೆಗಡಿಯಾಯಿತೆಂದು ಮೂಗು ಕೊಯ್ಯಬೇಕೆ?

(ಹಳೆಯ ಲ್ಯಾಪ್‌ಟಾಪುಗಳ ವಿಷಯವಾಗಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ತಿಂಡಿಯ ಗಿರಾಕಿಗಳು ಬರುವುದಕ್ಕೆ ಮುಂಚೆ ಸಿಗುವ ಎರಡು ತಾಸಿನ ಬಿಡುವನ್ನು ನಿದ್ದೆಗೆ ಕೊಡದೆ ಈ ಸಭೆಗೆ ಕೊಟ್ಟಿದ್ದೀರಿ. ಆ ಬಿಡುವಿನ ಬೆಲೆ ಏನೆಂಬುದು ನಮಗೆಲ್ಲರಿಗೂ ಗೊತ್ತು. ಆದುದರಿಂದ ಪೀಠಿಕೆಯನ್ನು ಬೆಳೆಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂತು. ಹೋಟೆಲುಗಳ ಒಲೆ ಆರಿತು. ನಮ್ಮಲ್ಲಿ ಹಲವರು ಊರಿನ ದಾರಿ ಹಿಡಿದರು. ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ, ಪಾಠವೆಲ್ಲ ಪರದೆಯ ಮೇಲೆ ಬರತೊಡಗಿತು. ಪಗಾರವಿಲ್ಲದ ಆ ದಿನಗಳಲ್ಲಿಯೇ, ಮಕ್ಕಳ ಓದು ನಿಲ್ಲಬಾರದೆಂದು ಕೈಸಾಲ ಮಾಡಿಯೋ ಬಳೆ ಅಡವಿಟ್ಟೋ ಲ್ಯಾಪ್‌ಟಾಪು ಕೊಡಿಸಿದ ತಂದೆತಾಯಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೊಸದನ್ನು ಕೊಂಡವರು ಇದ್ದುದರಲ್ಲಿ ಅಗ್ಗದ್ದನ್ನು ಕೊಂಡರು. ಉಳಿದವರು ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದನ್ನು ಕೊಂಡರು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಬೆಳಿಗ್ಗೆ ಗುಂಡಿ ಒತ್ತಿ, ಚಹಾ ಕುದಿಸಿ, ಕುಡಿದು, ಲೋಟ ತೊಳೆದಿಟ್ಟರೂ ಪರದೆ ಸಿದ್ಧವಾಗಿರುವುದಿಲ್ಲ. ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ, ಅರ್ಧ ತುಂಬಿದ ಹೊತ್ತಿಗೆ, ಅದು ಹಠ ಹಿಡಿದ ಎತ್ತಿನ ಹಾಗೆ ನಿಂತುಬಿಡುತ್ತದೆ.

ಇದನ್ನು ಅಂಗಡಿಗೆ ಒಯ್ದರೆ, “ಇದರ ಆಯುಸ್ಸು ಮುಗಿಯಿತು, ಹೊಸದು ತೆಗೆದುಕೊಳ್ಳಿ, ಕಂತಿನ ಮೇಲೆ ಕೊಡುತ್ತೇವೆ” ಎನ್ನುತ್ತಾರೆ. ಮನೆಯಲ್ಲಿ ಮಗನೂ ಅದನ್ನೇ ಹೇಳುತ್ತಾನೆ. ತಂದೆ ತಲೆಯ ಮೇಲೆ ಇನ್ನೊಂದು ಕಂತನ್ನು ಹೊತ್ತುಕೊಳ್ಳುತ್ತಾನೆ. ಆದರೆ ಆ ಯಂತ್ರಕ್ಕೆ ನಿಜವಾಗಿ ಏನಾಗಿತ್ತು ಎಂದು ಯಾರೂ ನೋಡಿರುವುದಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥದಕ್ಕೇ. ನಾನು ಈ ದಿನ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದು ಒಂದೇ ಮಾತು: ಮೊದಲು ರೋಗ ಯಾವುದೆಂದು ತಿಳಿಯೋಣ, ಆಮೇಲೆ ಕಿಸೆಗೆ ಕೈ ಹಾಕೋಣ.

ಒಳಗೆ ನಡೆಯುವುದೇನು?

ಮುಂಬಯಿಯ ಗಿರಣಿಗಳಲ್ಲಿ ದುಡಿದ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. 1982ರ ಮುಷ್ಕರದ ತರುವಾಯ ಆ ಗಿರಣಿಗಳಲ್ಲಿ ಬಹಳಷ್ಟು ಒಂದೊಂದಾಗಿ ಮುಚ್ಚಿದವು. ಅಲ್ಲಿ ಕಲಿತ ಬುದ್ಧಿ ಮಾತ್ರ ಇವರಲ್ಲಿ ಹಾಗೆಯೇ ಇದೆ. ಅವರನ್ನು ಕೇಳಿ ನೋಡಿ. ನೂಲು ಸ್ಪಿನ್ನಿಂಗ್ ಖಾತೆಯಿಂದ ಹೊರಟು, ವಾರ್ಪಿಂಗ್ ಆಗಿ, ಸೈಜಿಂಗಿನಲ್ಲಿ ಹಾಸುನೂಲಿಗೆ ಗಂಜಿ ಹಿಡಿಸಿಕೊಂಡು, ಆಮೇಲೆ ಮಗ್ಗಕ್ಕೆ ಬರುತ್ತದೆ. ಸೈಜಿಂಗ್ ಯಂತ್ರ ಒಂದು ಕುಂಟಿದರೆ ಬೀಮು ಬರುವುದಿಲ್ಲ. ಬೀಮು ಬಾರದೆ ಸಾಲುಸಾಲು ಮಗ್ಗಗಳು ಸುಮ್ಮನೆ ನಿಲ್ಲುತ್ತವೆ. ಆಗ ಮಾಲೀಕನು ಹೊಸ ಮಗ್ಗಗಳನ್ನು ತಂದು ನಿಲ್ಲಿಸಿದರೆ ಬಟ್ಟೆ ಒಂದು ಗಜವಾದರೂ ಹೆಚ್ಚಾದೀತೇ? ಕುಂಟುತ್ತಿರುವ ಖಾತೆ ಯಾವುದೋ ಅದನ್ನು ಸರಿಪಡಿಸಬೇಕು. ಲ್ಯಾಪ್‌ಟಾಪಿನ ಮಾತೂ ಹೀಗೆಯೇ.

ಹೋಟೆಲಿನ ಬಂಧುಗಳಿಗೆ ಇನ್ನೂ ಸುಲಭವಾಗಿ ಹೇಳಬಹುದು. ಲ್ಯಾಪ್‌ಟಾಪಿನ ಒಳಗೆ ಮುಖ್ಯವಾಗಿ ಮೂವರು ಇದ್ದಾರೆ. ಪ್ರೊಸೆಸರ್ ಎಂಬುದು ಅಡಿಗೆಯ ಭಟ್ಟರು. ಕೆಲಸ ಮಾಡುವವರು ಅವರೇ. ರ‍್ಯಾಮ್ ಎಂಬುದು ಅವರ ಮುಂದಿನ ಕಟ್ಟೆ. ಆ ಹೊತ್ತಿಗೆ ಬೇಕಾದ ಹಿಟ್ಟು, ಚಟ್ನಿ, ಪಲ್ಯ ಕೈಗೆಟಕುವ ಹಾಗೆ ಅದರ ಮೇಲೆ ಇರುತ್ತವೆ. ಡಿಸ್ಕ್ ಎಂಬುದು ಹಿಂದಿನ ಉಗ್ರಾಣ. ಸಾಮಾನೆಲ್ಲ ಇರುವುದು ಅಲ್ಲಿ. ಭಟ್ಟರು ಎಷ್ಟೇ ಚುರುಕಾಗಿದ್ದರೂ, ಉಗ್ರಾಣಕ್ಕೆ ಹೋದ ಹುಡುಗ ಬೇಗ ಬಾರದಿದ್ದರೆ ಸೌಟು ಹಿಡಿದುಕೊಂಡು ನಿಲ್ಲಬೇಕಷ್ಟೆ. ಕಟ್ಟೆ ಚಿಕ್ಕದಾದರೂ ಇದೇ ಪಾಡು. ಒಂದನ್ನು ಇಡಬೇಕಾದರೆ ಇನ್ನೊಂದನ್ನು ಉಗ್ರಾಣಕ್ಕೆ ಹಿಂದಕ್ಕೆ ಕಳುಹಿಸಬೇಕು, ಎರಡು ನಿಮಿಷಕ್ಕೆ ಅದನ್ನೇ ಮತ್ತೆ ತರಿಸಬೇಕು.

ನಮ್ಮವರ ಹಳೆಯ ಲ್ಯಾಪ್‌ಟಾಪುಗಳಲ್ಲಿ ಕುಂಟುವುದು ಹೆಚ್ಚಾಗಿ ಉಗ್ರಾಣದ ಕಡೆಯೇ. ಅವುಗಳಲ್ಲಿರುವುದು ಹಾರ್ಡ್ ಡಿಸ್ಕ್. ಅದು ತಿರುಗುವ ತಟ್ಟೆ; ಒಂದು ಸಣ್ಣ ತೋಳು ಅದರ ಮೇಲೆ ಆಡುತ್ತಾ ಅಕ್ಷರಗಳನ್ನು ಓದುತ್ತದೆ. ಈ ವಿದ್ಯೆ ಹೊಸದಲ್ಲ. 1956ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿ ಇಂಥ ಮೊದಲ ಯಂತ್ರವನ್ನು ಹೊರತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಈಗಿನ ತಟ್ಟೆ ಅಂಗೈಗಿಂತ ಚಿಕ್ಕದಾಗಿ, ಅದರ ಲಕ್ಷ ಪಾಲು ಹೆಚ್ಚು ಹಿಡಿಯುತ್ತದೆ. ಆದರೆ ತಟ್ಟೆ ತಿರುಗಬೇಕು, ತೋಳು ಆಡಬೇಕು ಎಂಬುದು ಮಾತ್ರ ತಪ್ಪಲಿಲ್ಲ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು. ಕೇಳುವುದಕ್ಕೆ ಇದು ದೊಡ್ಡ ವೇಗ. ಆದರೆ ಬೇಕಾದ ಜಾಗಕ್ಕೆ ತೋಳು ಸರಿದು, ಬೇಕಾದ ಅಕ್ಷರ ತೋಳಿನ ಕೆಳಗೆ ಬರುವ ತನಕ ಪ್ರತಿ ಸಲವೂ ಕಾಯಬೇಕು. ಹೀಗೆ ಅಲ್ಲಲ್ಲಿ ಚದುರಿದ ಸಣ್ಣ ಚೂರುಗಳನ್ನು ಸೆಕೆಂಡಿಗೆ ಅರವತ್ತು ಎಪ್ಪತ್ತಕ್ಕಿಂತ ಹೆಚ್ಚು ತರುವುದು ಅದರಿಂದ ಆಗದು. ಯಂತ್ರ ಎದ್ದು ಕೂಡುವ ಹೊತ್ತಿಗೆ ಬೇಕಾಗುವ ಚೂರುಗಳಾದರೋ ಸಾವಿರಾರು. ಇದರ ಬದಲಿಗೆ ಬಂದಿರುವುದು ಎಸ್.ಎಸ್.ಡಿ. ಇದರಲ್ಲಿ ತಟ್ಟೆಯಿಲ್ಲ, ತೋಳಿಲ್ಲ, ತಿರುಗುವುದು ಒಂದೂ ಇಲ್ಲ, ಬರಿಯ ಚಿಪ್ಪುಗಳು. ಇದು ಅಂಥ ಚೂರುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ತಂದುಕೊಡುತ್ತದೆ. ಯಂತ್ರವೆಲ್ಲ ಹಳೆಯದಾಗಿದ್ದು ಇದೊಂದನ್ನು ಬದಲಿಸಿದರೂ, ನಾಲ್ಕೈದು ನಿಮಿಷ ಹಿಡಿಯುತ್ತಿದ್ದ ಆರಂಭ ಅರ್ಧ ನಿಮಿಷದ ಆಸುಪಾಸಿಗೆ ಇಳಿಯುವುದುಂಟು.

ರೋಗ ಪರೀಕ್ಷೆ

ಯಾವ ಅಂಗ ಕುಂಟುತ್ತಿದೆ ಎಂದು ತಿಳಿಯಲು ಮೆಕ್ಯಾನಿಕನೇ ಬೇಕೆಂದಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಹಾಳೆ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಈ ಮೂರೂ ನೂರಕ್ಕೆ ಎಷ್ಟು ಪಾಲು ದುಡಿಯುತ್ತಿವೆ ಎಂದು ಕಾಣುತ್ತದೆ. ಮಕ್ಕಳು ನಿತ್ಯ ಮಾಡುವ ಕೆಲಸವನ್ನೇ ಮಾಡಲು ಹೇಳಿ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ.

ಡಿಸ್ಕ್ ಸದಾ 100ಕ್ಕೆ ಅಂಟಿಕೊಂಡಿದ್ದು, ಪ್ರೊಸೆಸರ್ 20 ಅಥವಾ 30ರಲ್ಲಿ ಆರಾಮವಾಗಿದ್ದರೆ, ರೋಗ ಉಗ್ರಾಣದಲ್ಲಿದೆ. ಮೆಮೊರಿ 90 ದಾಟಿದ್ದರೆ ಕಟ್ಟೆ ಸಾಲದು. ಎರಡೂ ಸುಮ್ಮನಿದ್ದು ಪ್ರೊಸೆಸರೇ ಸದಾ 100ರಲ್ಲಿದ್ದರೆ ಭಟ್ಟರಿಗೇ ವಯಸ್ಸಾಗಿರಬಹುದು, ಇಲ್ಲವೆ ಯಾವುದೋ ಕಳ್ಳ ಕೆಲಸವನ್ನು ಅವರ ಮೇಲೆ ಹೇರಿರಬಹುದು. ಡಿಸ್ಕ್ ಯಾವ ಜಾತಿಯದು, ರ‍್ಯಾಮ್ ಎಷ್ಟು ಎಂಬುದೂ ಅದೇ ಹಾಳೆಯಲ್ಲಿ ಬರೆದಿರುತ್ತದೆ. ಒಂದು ಚೀಟಿಯಲ್ಲಿ ಇದನ್ನು ಗುರುತು ಮಾಡಿಕೊಂಡು ಅಂಗಡಿಗೆ ಹೋದವನಿಗೂ, ಬರಿಗೈಯಲ್ಲಿ ಹೋಗಿ “ಇದು ನಡೆಯುವುದಿಲ್ಲ” ಎಂದವನಿಗೂ ಅಂಗಡಿಯಲ್ಲಿ ಸಿಗುವ ಉತ್ತರ ಬೇರೆ ಬೇರೆ ಎಂಬುದನ್ನು ತಾವು ನೆನಪಿಡಬೇಕು.

ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಮಾತ್ರ ಪರೀಕ್ಷೆ, ವಿಚಾರ ಎಂದು ತಡಮಾಡಬೇಡಿ. ಅದು ಸಾಯುವ ಸೂಚನೆ. ಮಕ್ಕಳ ಟಿಪ್ಪಣಿ, ಮನೆಯ ಫೋಟೋ, ಪ್ರಾವಿಡೆಂಟ್ ಫಂಡಿನ ಕಾಗದ ಎಲ್ಲವನ್ನೂ ಅದೇ ದಿನ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಿ. ಡಿಸ್ಕು ಹಣ ಕೊಟ್ಟರೆ ಬರುತ್ತದೆ, ಅದರೊಳಗಿದ್ದ ಫೋಟೋ ಬರುವುದಿಲ್ಲ.

ಖರ್ಚಿಲ್ಲದ ಉಪಚಾರ

ಹಣ ತೆಗೆಯುವುದಕ್ಕೆ ಮುಂಚೆ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳು ಐದಾರು ಇವೆ.

ಮೊದಲನೆಯದು, ವಾರಕ್ಕೊಮ್ಮೆಯಾದರೂ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ. ಈಗಿನ ವಿಂಡೋಸಿನಲ್ಲಿ ಬೇಗ ಏಳಲೆಂದು ಒಂದು ಏರ್ಪಾಡಿದೆ. ಅದರಿಂದಾಗಿ ಶಟ್‌ಡೌನ್ ಮಾಡಿದರೂ ಹಳೆಯ ಹೊರೆಯಲ್ಲಿ ಸ್ವಲ್ಪ ಹಾಗೆಯೇ ಉಳಿಯುತ್ತದೆ. ರೀಸ್ಟಾರ್ಟ್ ಪೂರ್ತಿ ತೊಳೆದು ಶುರುಮಾಡುತ್ತದೆ. ಎರಡನೆಯದು, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟವನ್ನು ನೋಡಿ. ಯಂತ್ರ ಎದ್ದೊಡನೆ ಕರೆಯದೆ ಬಂದು ಕೂಡುವ ಅತಿಥಿಗಳು ಅಲ್ಲಿದ್ದಾರೆ: ಮಾತಿನ ಆ್ಯಪುಗಳು, ಆಟದವು, ಪ್ರಿಂಟರಿನವು. ಬೇಡವಾದವನ್ನು ಡಿಸೇಬಲ್ ಮಾಡಿ. ಇದರಿಂದ ಅವು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ.

ಮೂರನೆಯದು, ಡಿಸ್ಕಿನಲ್ಲಿ ಹತ್ತರಲ್ಲಿ ಎರಡು ಪಾಲಾದರೂ ಜಾಗ ಖಾಲಿ ಇರಲಿ. ನಾಲ್ಕನೆಯದು, ಎರಡು ಮೂರು ಆ್ಯಂಟಿವೈರಸ್‌ಗಳನ್ನು ಒಟ್ಟಿಗೆ ಸಾಕಬೇಡಿ. ಒಂದೇ ಬಾಗಿಲಿಗೆ ಮೂವರು ಪಹರೆಯವರು ನಿಂತರೆ ಗಿರಾಕಿ ಒಳಗೆ ಬರುವುದು ಹೇಗೆ? ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಮಾನ್ಯರ ಕೆಲಸಕ್ಕೆ ಸಾಕು. ಐದನೆಯದು, ಬ್ರೌಸರಿನಲ್ಲಿ ಮೂವತ್ತು ಪುಟಗಳನ್ನು ತೆರೆದಿಟ್ಟುಕೊಳ್ಳುವ ಅಭ್ಯಾಸ. ಪ್ರತಿಯೊಂದು ಪುಟವೂ ಕಟ್ಟೆಯ ಮೇಲೆ ಜಾಗ ಬೇಡುತ್ತದೆ.

ಆರನೆಯದು ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದದ್ದು: ಧೂಳು ಮತ್ತು ಜಿಡ್ಡು. ಪ್ರೊಸೆಸರ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದನ್ನು ತಂಪಾಗಿಡುವುದು ಒಳಗಿನ ಪುಟ್ಟ ಫ್ಯಾನು. ಹೋಟೆಲಿನ ಗಲ್ಲಾದ ಪಕ್ಕದಲ್ಲಿಟ್ಟ ಲ್ಯಾಪ್‌ಟಾಪಿನ ಫ್ಯಾನಿಗೆ ಎಣ್ಣೆಯ ಹೊಗೆಯೂ ಹಿಟ್ಟಿನ ಧೂಳೂ ಕೂಡಿ ಮೇಣದ ಹಾಗೆ ಮೆತ್ತಿಕೊಳ್ಳುತ್ತವೆ. ಮಗ್ಗದ ಖಾತೆಯ ಆಫೀಸಿನಲ್ಲಿಟ್ಟದ್ದಕ್ಕೆ ಹತ್ತಿಯ ನವಿರು ತುಂಬುತ್ತದೆ. ಖೋಲಿಯಲ್ಲಿ ಮೇಜಿಲ್ಲದೆ ಹಾಸಿಗೆಯ ಮೇಲಿಟ್ಟು ಓದುವ ಮಕ್ಕಳ ಲ್ಯಾಪ್‌ಟಾಪಿಗೆ ಕೆಳಗಿನಿಂದ ಗಾಳಿಯೇ ಸಿಗುವುದಿಲ್ಲ. ಕೆಳಗೆ ಒಂದು ಹಲಗೆ ಇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಫ್ಯಾನು ಶುಚಿ ಮಾಡಿಸಿ, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟು ಬದಲಿಸಿ.

ಇದರೊಡನೆ ಒಂದು ಎಚ್ಚರಿಕೆ. “ನಿಮ್ಮ ಕಂಪ್ಯೂಟರಿನ ವೇಗ ಹತ್ತು ಪಟ್ಟು ಹೆಚ್ಚಿಸುತ್ತೇವೆ” ಎಂದು ಪರದೆಯ ಮೇಲೆ ಬರುವ ಜಾಹೀರಾತುಗಳನ್ನು ಒತ್ತಬೇಡಿ. “ನಿಮ್ಮ ಯಂತ್ರಕ್ಕೆ ವೈರಸ್ ಬಂದಿದೆ, ಈ ನಂಬರಿಗೆ ಫೋನು ಮಾಡಿ” ಎಂದರೆ ಮಾಡಲೇಬೇಡಿ. ಅದು ಕಳ್ಳರ ಬಲೆ. ಅಪ್ಪಿತಪ್ಪಿ ಹಣ ಹೋದರೆ, ನಾಚಿಕೊಂಡು ಕೂಡದೆ ತಕ್ಷಣ 1930ಕ್ಕೆ ಫೋನು ಮಾಡಿ ದೂರು ಕೊಡಿ. ತಡವಾದಷ್ಟೂ ಹಣ ಹಿಂದಕ್ಕೆ ಸಿಗುವುದು ಕಷ್ಟ. ಹಾಗೆಯೇ, ಅಗ್ಗಕ್ಕೆಂದು ಕಳ್ಳ ನಕಲು ವಿಂಡೋಸನ್ನು ಹಾಕಿಸಿಕೊಂಡರೆ ಅದರ ಜೊತೆಗೆ ಇನ್ನೇನು ಒಳಹೊಕ್ಕಿತೋ ದೇವರೇ ಬಲ್ಲ. ಪ್ರೊಸೆಸರ್ ಕಾರಣವಿಲ್ಲದೆ 100ರಲ್ಲಿ ದುಡಿಯುವುದಕ್ಕೆ ಇಂಥದೂ ಒಂದು ಕಾರಣವಾಗಿರುತ್ತದೆ.

ಖರ್ಚಿನ ಉಪಚಾರ

ಇಷ್ಟು ಮಾಡಿಯೂ ಸಾಲದಿದ್ದರೆ ಖರ್ಚಿಗೆ ಕೈ ಹಾಕಬೇಕು. ಅದಕ್ಕೂ ಒಂದು ಕ್ರಮವಿದೆ. ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್.ಎಸ್.ಡಿ. ಆಮೇಲೆ, ರ‍್ಯಾಮ್ 4 ಜಿ.ಬಿ. ಇದ್ದರೆ ಅದನ್ನು 8ಕ್ಕೆ ಏರಿಸುವುದು. ಅನಂತರ ಬ್ಯಾಟರಿ.

ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿಯೇ ಕೂಡುವ ಎರಡೂವರೆ ಅಂಗುಲದ ಎಸ್.ಎಸ್.ಡಿ. ಸಿಗುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಂ.2 ಎಂಬ ಸಣ್ಣ ಗೂಡು ಇರುತ್ತದೆ. ಅದಕ್ಕೆ ಹೊಂದುವುದು ಸಾಟಾ ಜಾತಿಯದೋ ಎನ್.ವಿ.ಎಂ.ಇ. ಜಾತಿಯದೋ ಎಂದು ಮೊದಲೇ ಕೇಳಿ ತಿಳಿಯಬೇಕು. ರ‍್ಯಾಮಿನಲ್ಲಿಯೂ ಡಿ.ಡಿ.ಆರ್.3, ಡಿ.ಡಿ.ಆರ್.4 ಎಂದು ಪೀಳಿಗೆಗಳಿವೆ. ಒಂದರ ಗೂಡಿಗೆ ಇನ್ನೊಂದು ಕೂಡುವುದಿಲ್ಲ. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಹಲಗೆಗೇ ಬೆಸೆದಿರುತ್ತಾರೆ; ತೀರ ಅಗ್ಗದ ಕೆಲವದರಲ್ಲಿ ಇ.ಎಂ.ಎಂ.ಸಿ. ಎಂಬ 32 ಅಥವಾ 64 ಜಿ.ಬಿ.ಯ ಉಗ್ರಾಣವನ್ನೂ ಬೆಸೆದಿರುತ್ತಾರೆ. ಅಂಥವನ್ನು ಬದಲಿಸಲು ಬರುವುದಿಲ್ಲ. ಈ ವಿಷಯ ತಿಳಿಯದೆ ಬಿಡಿಭಾಗ ಕೊಂಡುತಂದು ಪೇಚಾಡುವವರಿದ್ದಾರೆ.

ಬೆಲೆಯ ಮಾತು ಹೇಳುವುದಾದರೆ, 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಯ ದೊಡ್ಡ ಕಂಪ್ಯೂಟರ್ ಕೇಂದ್ರಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಆದುದರಿಂದ ಕಳೆದ ವರ್ಷ ಪಕ್ಕದವನು ಕೊಟ್ಟ ಬೆಲೆಯನ್ನು ನಂಬಿ ಹೋಗಬೇಡಿ. ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟ್ ಈ ವ್ಯಾಪಾರಕ್ಕೆ ಹೆಸರಾದವು. ಮೂರು ಅಂಗಡಿ ಕೇಳಿ, ಆಮೇಲೆ ಕೊಳ್ಳಿ. ಕಂಪೆನಿಯ ಹೆಸರಿಲ್ಲದ ಮಾಲು ಬೇಡ. ಗ್ಯಾರಂಟಿಯ ಕಾಗದ ಮತ್ತು ಬಿಲ್ಲು ಬೇಕು. ಹೆಸರಾದ ಎಸ್.ಎಸ್.ಡಿ.ಗಳಿಗೆ 3 ಅಥವಾ 5 ವರ್ಷದ ಗ್ಯಾರಂಟಿ ಇರುವುದು ವಾಡಿಕೆ. ಬದಲಿಸುವಾಗ ಎದುರಿಗೇ ಕುಳಿತಿರಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಅದು ನಿಮ್ಮ ಸೊತ್ತು. ಹಳೆಯ ಡಿಸ್ಕು ಕೆಟ್ಟಿರದಿದ್ದರೆ ಅದನ್ನು ಒಂದು ಡಬ್ಬಿಯಲ್ಲಿ ಕೂಡಿಸಿ, ಮನೆಯ ಕಾಗದಪತ್ರಗಳ ಎರಡನೆಯ ಪ್ರತಿ ಇಡಲು ಬಳಸಬಹುದು.

ಬ್ಯಾಟರಿಯ ವಿಷಯದಲ್ಲಿ ಹಟ ಬೇಡ. ಅದು ಉಬ್ಬಿಕೊಂಡು ಕೀಲಿಮಣೆಯನ್ನು ಮೇಲಕ್ಕೆ ನೂಕುತ್ತಿದ್ದರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸಿ. ಅದನ್ನು ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತುತ್ತದೆ. ಎಂಟು ಜನ ಮಲಗುವ ಖೋಲಿಯಲ್ಲಿ ಇದು ಒಬ್ಬನ ಪ್ರಶ್ನೆಯಲ್ಲ.

ಬದಲಿಸಬೇಕಾದುದು ಯಾವಾಗ?

ಹಾಗಾದರೆ ಹೊಸದನ್ನು ಕೊಳ್ಳಲೇಬಾರದೇ ಎಂದು ತಾವು ಕೇಳಬಹುದು. ಹಾಗೆ ನಾನು ಹೇಳುವುದಿಲ್ಲ. ಮುರುಕು ಯಂತ್ರಕ್ಕೆ ತೇಪೆ ಹಾಕುತ್ತಾ ಹೋಗುವುದೂ ಜಾಣತನವಲ್ಲ. ನನ್ನ ಲೆಕ್ಕ ಇಷ್ಟು: ದುರಸ್ತಿಯ ಒಟ್ಟು ಖರ್ಚು ನಿಮ್ಮ ಕೆಲಸಕ್ಕೆ ಸಾಕಾಗುವ ಬೇರೊಂದು ಯಂತ್ರದ ಬೆಲೆಯ ಮೂರನೆಯ ಒಂದು ಪಾಲಿನೊಳಗೆ ಇದ್ದರೆ ದುರಸ್ತಿ ಮಾಡಿಸಿ. ಅರ್ಧ ದಾಟಿದರೆ ಬಿಟ್ಟುಬಿಡಿ. ಅವೆರಡರ ನಡುವೆ ಇದ್ದರೆ, ಮಗುವಿನ ಓದು ಇನ್ನೆಷ್ಟು ವರ್ಷ ಇದೆ ಎಂದು ನೋಡಿ ನಿರ್ಧರಿಸಿ. ಮುಖ್ಯ ಹಲಗೆ ಸುಟ್ಟಿದ್ದರೆ, ಪರದೆಯೂ ಕೀಲೂ ಒಟ್ಟಿಗೆ ಮುರಿದಿದ್ದರೆ, ಎಲ್ಲವನ್ನೂ ಬೆಸೆದದ್ದಾಗಿದ್ದರೆ ತೇಪೆ ಬೇಡ.

ಇನ್ನೊಂದು ಕಾರಣವೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ರಂದು ತನ್ನ ಬೆಂಬಲವನ್ನು ಮುಗಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಭದ್ರತೆಯ ತಿದ್ದುಪಡಿಗಳನ್ನು 2026ರ ಅಕ್ಟೋಬರ್ 13ರ ತನಕ ಕೊಡುವುದಾಗಿ ಆಗ ಗೊತ್ತುಪಡಿಸಿತು. ತಿದ್ದುಪಡಿ ನಿಂತರೆ ಯಂತ್ರ ನಿಲ್ಲುವುದಿಲ್ಲ, ಎಂದಿನಂತೆ ನಡೆಯುತ್ತದೆ. ಆದರೆ ಅದು ಹೊಸ ಕಳ್ಳರಿಗೆ ಹಳೆಯ ಬೀಗ ಹಾಕಿದ ಮನೆ. ಬ್ಯಾಂಕಿನ ವ್ಯವಹಾರವನ್ನೂ ಪ್ರಾವಿಡೆಂಟ್ ಫಂಡಿನ ಅರ್ಜಿಯನ್ನೂ ಅಂಥ ಯಂತ್ರದಲ್ಲಿ ಮಾಡುವುದು ಕ್ಷೇಮವಲ್ಲ.

2021ರಲ್ಲಿ ಬಂದ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳನ್ನೂ ಒಪ್ಪುವುದಿಲ್ಲ. ಅದಕ್ಕೆ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಜಾಗ, ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡು ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ 8ನೆಯ ಪೀಳಿಗೆಯದು ಅಥವಾ ಅದಕ್ಕಿಂತ ಈಚಿನದು ಆಗಿರಬೇಕು. ಐ5-7200ಯು ಎಂದಿದ್ದರೆ ಅದು 7ನೆಯದು, ಐ5-8250ಯು ಎಂದಿದ್ದರೆ 8ನೆಯದು. ಮೈಕ್ರೋಸಾಫ್ಟಿನದೇ ಆದ ಪಿ.ಸಿ. ಹೆಲ್ತ್ ಚೆಕ್ ಎಂಬ ಬಿಟ್ಟಿ ಸಾಧನ ಇದನ್ನೆಲ್ಲ ತಾನೇ ನೋಡಿ ಹೇಳುತ್ತದೆ. 2020ರಲ್ಲಿ ಹೊಸದಾಗಿ ಕೊಂಡ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಆಗಲೇ ಹಳೆಯದಾಗಿದ್ದುದನ್ನು ಕೊಂಡವರದು ಆಗಲಿಕ್ಕಿಲ್ಲ.

ಆಗದಿದ್ದವರು ಕೂಡಲೇ ಹೊಸದಕ್ಕೆ ಓಡಬೇಕೆಂದಿಲ್ಲ. ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಿದೆ, ಅದಕ್ಕೆ ಬೆಲೆಯಿಲ್ಲ. ಅದರಲ್ಲಿ ಲಿನಕ್ಸ್ ಮಿಂಟ್ ಎಂಬುದು ವಿಂಡೋಸ್ ಬಳಸಿದವರಿಗೆ ಅಷ್ಟೇನೂ ಅಪರಿಚಿತವಾಗಿ ಕಾಣುವುದಿಲ್ಲ. 4 ಜಿ.ಬಿ. ರ‍್ಯಾಮಿನ ಯಂತ್ರದಲ್ಲಿಯೂ ಅದು ನಡೆಯುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಡಿಸ್ಕನ್ನು ಮುಟ್ಟದೆಯೇ ಮೊದಲು ಪರೀಕ್ಷಿಸಿ ನೋಡಬಹುದು. ಪಾಠ ಕೇಳುವುದು, ಕಾಗದ ಬರೆಯುವುದು, ಅರ್ಜಿ ತುಂಬುವುದು, ಕನ್ನಡದಲ್ಲಿ ಓದುವುದು ಬರೆಯುವುದು ಎಲ್ಲ ಅದರಲ್ಲಿ ಆಗುತ್ತದೆ. ಆದರೆ ಹೋಟೆಲಿನ ಲೆಕ್ಕಕ್ಕೆ ಟ್ಯಾಲಿ ಬಳಸುವವರು ವಿಂಡೋಸನ್ನು ಬಿಡುವಂತಿಲ್ಲ, ಏಕೆಂದರೆ ಟ್ಯಾಲಿ ಅದಕ್ಕೆಂದೇ ಮಾಡಿದ್ದು. ಮಗುವಿನ ಕಾಲೇಜಿನವರು ಯಾವ ಸಾಫ್ಟ್‌ವೇರ್ ಬೇಕೆಂದಿದ್ದಾರೆ ಎಂಬುದನ್ನೂ ಕೇಳಿಕೊಂಡೇ ಈ ದಾರಿ ಹಿಡಿಯಬೇಕು.

ಕೊಳ್ಳುವಾಗ, ಕೊಡುವಾಗ

ಕೊಳ್ಳಲೇಬೇಕಾದಾಗ ಕಂತಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿ. ಉದಾಹರಣೆಗೆ, 36,000 ರೂಪಾಯಿಯ ಯಂತ್ರಕ್ಕೆ ತಿಂಗಳಿಗೆ 3,400ರಂತೆ 12 ಕಂತು ಎಂದರೆ ಕೇಳಲು ಹಗುರ. ಕೂಡಿಸಿದರೆ 40,800, ಅಂದರೆ 4,800 ರೂಪಾಯಿ ಹೆಚ್ಚು. ಅಷ್ಟರಲ್ಲಿ ಒಂದು ಹಳೆಯ ಯಂತ್ರದ ಕಾಯಿಲೆಯೇ ವಾಸಿಯಾದೀತು. ಬಡ್ಡಿಯಿಲ್ಲದ ಕಂತು ಎಂಬ ಫಲಕಕ್ಕೆ ಮರುಳಾಗಬೇಡಿ. ಸೊನ್ನೆ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ರೊಕ್ಕ ಎಣಿಸಿ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ. ಆ ಬಿಟ್ಟ ಹಣವೇ ಬಡ್ಡಿ.

ಬಳಸಿದ್ದನ್ನು ಕೊಳ್ಳುವುದು ಅವಮಾನವಲ್ಲ. ಕಂಪೆನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪು, ಅದೇ ಬೆಲೆಯ ಹೊಸ ಆದರೆ ಬಡಕಲಾದ ಲ್ಯಾಪ್‌ಟಾಪಿಗಿಂತ ಹೆಚ್ಚು ಕಾಲ ಬಾಳುವುದುಂಟು. ಆದರೆ ನೋಡಿ ಕೊಳ್ಳಬೇಕು: ವಿಂಡೋಸ್ 11 ನಡೆಯುತ್ತದೆಯೇ, ಎಸ್.ಎಸ್.ಡಿ. ಇದೆಯೇ, ರ‍್ಯಾಮ್ 8 ಜಿ.ಬಿ. ಇದೆಯೇ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಆರಂಭದಲ್ಲಿಯೇ ಬೇರೆಯವರ ಪಾಸ್‌ವರ್ಡು ಕೇಳುತ್ತದೆಯೇ, ಸೀರಿಯಲ್ ನಂಬರು ಬರೆದ ಬಿಲ್ಲು ಕೊಡುತ್ತಾರೆಯೇ. ಬಿಲ್ಲು ಕೊಡದವನ ಹತ್ತಿರ ಕೊಳ್ಳಬೇಡಿ, ಕಳವಿನ ಮಾಲಾದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಹಳೆಯದನ್ನು ಮಾರುವಾಗ, ಕೊಡುವಾಗ, ಅದರೊಳಗೆ ನಿಮ್ಮ ಆಧಾರ್, ಪ್ಯಾನ್, ಪಾಸ್‌ಬುಕ್ಕುಗಳ ಚಿತ್ರಗಳಿವೆ ಎಂಬುದನ್ನು ಮರೆಯಬೇಡಿ. ಬರಿದೆ ಡಿಲೀಟ್ ಒತ್ತಿದರೆ ಅವು ಪೂರ್ತಿ ಹೋಗುವುದಿಲ್ಲ. ವಿಂಡೋಸಿನ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆದು ಡಿಸ್ಕನ್ನು ಶುಚಿಗೊಳಿಸುವ ಆಯ್ಕೆಯಿದೆ, ಅದನ್ನು ಬಳಸಿ. ಏನೂ ಮಾಡಲಾಗದಷ್ಟು ಕೆಟ್ಟಿದ್ದರೆ ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳಂತೆ ಇಂಥದನ್ನು ನೋಂದಾಯಿತ ಮರುಬಳಕೆಯವರಿಗೆ ಸೇರಿಸಬೇಕು. ಅದನ್ನು ಗುಜರಿಗೆ ಹಾಕಿದರೆ, ಯಾವುದೋ ಗಲ್ಲಿಯಲ್ಲಿ ನಮ್ಮಂಥ ಒಬ್ಬ ಬಡವನೇ ಬರಿಗೈಯಲ್ಲಿ ಅದನ್ನು ಸುಟ್ಟು, ಆ ವಿಷದ ಹೊಗೆಯನ್ನು ಕುಡಿದು ತಾಮ್ರ ತೆಗೆಯುತ್ತಾನೆ.

ಸಂಘಕ್ಕೊಂದು ಸೂಚನೆ

ಕೊನೆಯದಾಗಿ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆಯನ್ನು ಇಡುತ್ತೇನೆ. ಈಗ ಹೇಳಿದ ಪರೀಕ್ಷೆಗೆ ಹಿಡಿಯುವುದು ಹತ್ತು ನಿಮಿಷ. ನಮ್ಮ ಮಕ್ಕಳಲ್ಲಿಯೇ ಇದನ್ನು ಬಲ್ಲವರಿದ್ದಾರೆ. ತಿಂಗಳಿಗೊಂದು ಮಧ್ಯಾಹ್ನ, ಇದೇ ಬಿಡುವಿನ ಎರಡು ತಾಸು, ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ಅದರ ಮೇಲೆ ಒಂದಿಷ್ಟು ಸ್ಕ್ರೂಡ್ರೈವರುಗಳು, ಧೂಳು ಹೊಡೆಯುವ ಬ್ರಷ್ಷು, ಲಿನಕ್ಸ್ ಹಾಕಿದ ಪೆನ್‌ಡ್ರೈವು, ನಕಲು ಮಾಡಿಕೊಳ್ಳಲು ಒಂದು ಡಿಸ್ಕು ಇರಲಿ. ಸದಸ್ಯರು ತಮ್ಮ ಲ್ಯಾಪ್‌ಟಾಪು ತಂದು ತೋರಿಸಲಿ. ರೋಗ ಯಾವುದು, ಯಾವ ಭಾಗ ಬೇಕು ಎಂದು ಚೀಟಿಯಲ್ಲಿ ಬರೆದು ಕೊಡೋಣ. ಆ ಚೀಟಿ ಹಿಡಿದು ಅಂಗಡಿಗೆ ಹೋದವನನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಒಬ್ಬನ ಯಂತ್ರದಿಂದ ತೆಗೆದ 4 ಜಿ.ಬಿ. ರ‍್ಯಾಮಿನ ಪಟ್ಟಿ ಇನ್ನೊಬ್ಬನ ಖಾಲಿ ಗೂಡಿಗೆ ಹೊಂದಬಹುದು. ಅದನ್ನು ಇಡಲು ಕಪಾಟಿನಲ್ಲಿ ಒಂದು ಡಬ್ಬಿ ಇರಲಿ. ಓದು ಮುಗಿಸಿ ಕೆಲಸಕ್ಕೆ ಸೇರಿದ ಮಕ್ಕಳ ಹಳೆಯ ಲ್ಯಾಪ್‌ಟಾಪನ್ನು ದುರಸ್ತಿ ಮಾಡಿ, ಹಗಲು ಮೇಜು ಒರೆಸಿ ರಾತ್ರಿ ಓದುವ ಹುಡುಗನ ಕೈಗೆ ಕೊಡೋಣ. ಈ ನಗರದಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದ ನಮ್ಮ ಹಿರಿಯರು ಕೈಯಲ್ಲಿ ಹಣವಿದ್ದು ಕಟ್ಟಿದವರಲ್ಲ. ಒಬ್ಬನು ಓದಿ ಬಿಟ್ಟ ಪುಸ್ತಕವನ್ನು ಇನ್ನೊಬ್ಬನು ಓದುವ ಹಾಗೆ ಮಾಡಿ ಕಟ್ಟಿದರು. ಸಮಿತಿಯವರು ಒಪ್ಪಿದರೆ ಮುಂದಿನ ತಿಂಗಳಿನ ಸಭೆಯ ದಿನವೇ ಮೊದಲ ಮೇಜನ್ನು ಹಾಕಬಹುದು. ಬರುವವರು ಚಾರ್ಜರನ್ನು ಮರೆಯದೆ ತರಬೇಕೆಂದು ಈಗಲೇ ವಿನಂತಿಸಿಕೊಳ್ಳುತ್ತೇನೆ.